ಕಣ್ಣು ಮಿಟುಕಿಸಿ

ವರ್ಷಕ್ಕೆ ಎರಡು ತಿಂಗಳು ನಾನು ಸಿಪಾಯಿ.
ಉಳಿದ ಹತ್ತು, ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು
ಕರಕು ತಂತಿ ಕಿತ್ತು ಹೊಸ ತಾಮ್ರ ಸುತ್ತುವವನು.
ಟೆರಿಟೋರಿಯಲ್ ಆರ್ಮಿ ಅಂದರೆ
'ಹೋಂ ಗಾರ್ಡಾ?' ಅನ್ನುತ್ತಾರೆ ಗಿರಾಕಿಗಳು.
ಅಲ್ಲ ಅನ್ನುವುದನ್ನು ಈಗ ಬಿಟ್ಟಿದ್ದೇನೆ.

ನವೆಂಬರಿನ ಭಾನುವಾರ, ಹೈಸ್ಕೂಲ್ ಮೈದಾನ.
ಇನ್ನೂ ಬೆಳಕು ಹರಿದಿಲ್ಲ, ಭರ್ತಿಗೆ ಓಡುವ ಹುಡುಗರು,
ನನ್ನ ಕೈಯಲ್ಲಿ ಸ್ಟಾಪ್‌ವಾಚು.
ಮೂರನೇ ಸುತ್ತಿಗೇ ಒಬ್ಬ ಕುಕ್ಕರಿಸಿ ವಾಂತಿ ಮಾಡಿಕೊಂಡ.
'ರಾತ್ರಿ ಏನು ತಿಂದ್ಯೋ?'
'ನರ್ಗೀಸ್ ಮಂಡಕ್ಕಿ, ಸರ್. ಎರಡು ಪ್ಲೇಟು.'
ಬೈಯಬೇಕಾದವನು ನಕ್ಕುಬಿಟ್ಟೆ.

ಹತ್ತಕ್ಕೆ ಅಲ್ಲೇ ಶಾಮಿಯಾನ, ಮಾಜಿ ಸೈನಿಕರಿಗೆ ಸನ್ಮಾನ.
ಎನ್‌ಸಿಸಿಯ ನೀಲಗಂಗಾ ಹಾಕಿಸಿದ ಕುರ್ಚಿ ಅರವತ್ತೆರಡು,
ತುಂಬಿದ್ದು ನಲವತ್ತೊಂದು.
'ಸ್ಯಾಪರ್ ಬುಡನ್ ಸಾಬ್, ಎಪ್ಪತ್ತೊಂದರ ಯುದ್ಧ'
ಎಂದು ಮೈಕು ಎರಡು ಸಲ ಕರೆದು
ಮುಂದಿನ ಹೆಸರಿಗೆ ಹೋಯಿತು.

ಶಾಲು, ಹಾರ, ಫಲಕ ಚೀಲಕ್ಕೆ ತುಂಬಿ
ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ
ಮಂಡಕ್ಕಿ ಭಟ್ಟಿಗಳ ಕಡೆಗೆ.
ಅಲ್ಲಿ ಗೋಡೆ ಕಪ್ಪು, ಬೇವು ಕಪ್ಪು,
ಮನುಷ್ಯರ ಕೈಯಿಂದ ಬರುವುದು ಮಾತ್ರ ಬೆಳ್ಳಗೆ.

'ಶಾಲು ಯಾಕಪ್ಪಾ, ಭಟ್ಟಿ ಮುಂದೆ ಯಾರು ಹೊದೀತಾರೆ?
ನಾನು ಬದುಕೀನಿ ಅಂತ ಬರಿಸಿ ಕೊಡು, ಸಾಕು.
ಮೂರು ಸಲ ಹೋಗಿ ಬಂದೆ. ಮಿಷನ್ನು ಒಪ್ಪವಲ್ದು.'
ಹೆಬ್ಬೆಟ್ಟು ತೋರಿಸಿದರು.
ಗೆರೆಯೇ ಇಲ್ಲ, ತೊಳೆದಿಟ್ಟ ಹುಣಸೆ ಬೀಜದ ಹಾಗೆ.
ನಲವತ್ತು ವರ್ಷ ಕಾದ ಮರಳು ಕೆದಕಿದ್ದು ಅದು.
ಅದಕ್ಕೂ ಮೊದಲು ಬಾಡ್ಮೇರಿನ ಮರಳಲ್ಲಿ
ಹೊಟ್ಟೆಯ ಮೇಲೆ ತೆವಳುತ್ತ, ಉಸಿರು ಕಟ್ಟಿ
ನೆಲಬಾಂಬಿನ ತಣ್ಣನೆ ಅಂಚು ತಡವಿ ಗುರುತಿಸಿದ್ದು.
ಆ ಬೆರಳನ್ನು ಗುರುತಿಸಲಿಲ್ಲ
ಸೈಬರ್ ಅಂಗಡಿಯ ಅಂಗೈಯಗಲದ ಗಾಜು.

ಫೋನು ತೆಗೆದೆ. ಮುಖ ನೋಡಿ ಒಪ್ಪಿಕೊಳ್ಳುವ ಆ್ಯಪ್ ಇದೆಯಲ್ಲ.
'ಕಣ್ಣು ಮಿಟುಕಿಸಿ' ಎಂದು ಬಂತು.
ಕೇಳುವ ಕಿವಿಯ ಬಳಿ ನೀಲಗಂಗಾ ಕೂಗಿದಳು.
ಅವರು ನೋಡುತ್ತಲೇ ಇದ್ದರು.
ಮೊಮ್ಮಗ ಮರಳಿಗೆ ಅಕ್ಕಿ ಸುರಿದ, ಚಟಚಟ ಸಿಡಿಯಿತು ಬಾಣಲೆ,
ಬೆಚ್ಚಿದವಳು ಹುಡುಗಿ. ಅವರ ರೆಪ್ಪೆ ಅಲುಗಲಿಲ್ಲ.
ಸಮಯ ಮೀರಿದೆ, ಮತ್ತೆ ಪ್ರಯತ್ನಿಸಿ.

'ಸಾಬ್ರೇ, ಒಂದೇ ಒಂದು ಸಲ ಮಿಟುಕಿಸ್ರಿ.'
'ನಮ್ಮ ಸೆಕ್ಷನ್ನಾಗ ಇಬ್ಬರು ಮಿಟುಕಿಸಿದ್ರು' ಅಂದರು.
'ಒಬ್ಬ ಸೇಲಮ್ಮಿನವ.
ಇನ್ನೊಬ್ಬ ಇಲ್ಲೇ, ಜಗಳೂರಿನ ಹುಡುಗ.'

ಬಾಯಿಗೆ ಹಾಕಿಕೊಂಡ ಮಂಡಕ್ಕಿಯನ್ನು
ನೀಲಗಂಗಾ ಅಗಿಯದೆ ಹಾಗೇ ಇಟ್ಟುಕೊಂಡಿದ್ದಳು.

ಆಮೇಲೆ ಗಾಳಿ ತಿರುಗಿತು, ಅಷ್ಟೆ.
ಹೊಟ್ಟಿನ ಹೊಗೆ ನಮ್ಮ ಮೇಲೇ ನುಗ್ಗಿ
ನಾನು, ಅವಳು, ಮೊಮ್ಮಗ, ಅವರು
ಎಲ್ಲರೂ ಕಣ್ಣು ಕಿವುಚಿಕೊಂಡೆವು.
ಫೋನಿನಲ್ಲಿ ಹಸಿರು ಗೆರೆ.
ಬುಡನ್ ಸಾಬ್ ಇನ್ನೊಂದು ವರ್ಷ ಬದುಕಿದ್ದಾರೆ.

ಖುಷಿಗೆ ಶಾಲನ್ನು ನಾಲ್ಕು ಮಡಿಕೆ ಮಾಡಿ
ಬಾಣಲೆಯ ಕಿವಿ ಹಿಡಿಯಲು ಹೋದರು.
'ತಾತಾ, ನೈಲಾನು! ಕರಗತ್ತೆ!'
ನಕ್ಕು ಹೆಗಲಿಗೆ ಹಾಕಿಕೊಂಡರು.
'ನೀನು ಎಷ್ಟು ದಿನದ ಸಿಪಾಯಿ?'
'ವರ್ಷಕ್ಕೆ ಎರಡು ತಿಂಗಳು' ಅಂದೆ, ನೆಲ ನೋಡುತ್ತ.
'ಅಯ್ಯ, ನಮ್ಮ ಯುದ್ಧ ಹದಿನಾಲ್ಕೇ ದಿನ.
ಉಳಿದದ್ದೆಲ್ಲ ಮಂಡಕ್ಕಿ.'

ಫಲಕ ಕೊಡಲಿಲ್ಲ.
ಒಂದು ಕೊಂಬು ಬಿಟ್ಟು 'ಬಡನ್ ಸಾಬ್' ಎಂದು ಅಚ್ಚಾಗಿತ್ತು.
ತಿದ್ದಿಸಿ ತರುತ್ತೇನೆಂದು ವಾಪಸು ತಂದವನು
ಇನ್ನೂ ಹೋಗಿಲ್ಲ.
ಅಂಗಡಿಯಲ್ಲೇ ಇದೆ, ಮೂರು ಎಚ್‌ಪಿ ಮೋಟಾರಿನ ಪಕ್ಕ.
ತಂತಿ ಸುತ್ತುತ್ತ ಎಣಿಕೆ ತಪ್ಪಿದಾಗ
ತಲೆ ಎತ್ತಿದರೆ ಕಾಣುತ್ತದೆ.
ಮತ್ತೆ ಒಂದರಿಂದ ಶುರು.