ಮೂರನೇ ವೈರು

ಶಹಾಬಾದಿನ ಏರಿನಲ್ಲಿ
ಫರಸಿ ಹೊತ್ತ ನನ್ನ ಹಳೇ ಪೆಟ್ರೋಲ್ ಪಿಕಪ್
ಆಕ್ಸಿಲೇಟರ್ ತುಳಿದಾಗೆಲ್ಲ ಒಂದು ಗಳಿಗೆ ಸುಮ್ಮನಾಗುತ್ತದೆ,
ಸಾಲ ಕೇಳಿಸಿಕೊಂಡ ಭಾವನಂತೆ.
ಆಮೇಲೆ ಫಟ್ಟನೆ ಕೆಮ್ಮುತ್ತದೆ.

"ಕಾರ್ಬೋರೇಟರ್ ತೊಳಸೀನಿ, ಪಾಯಿಂಟ್ ತಿಕ್ಕೀನಿ,
ಪ್ಲಗ್ಗು ನಾಕೂ ಹೊಸಾವು," ಅಂದೆ.
ಮಶಾಕಸಾಬ ಚಾದ ಬಶಿ ಕೆಳಗಿಟ್ಟ.
"ರೊಕ್ಕ ಕೊಟ್ಟೀದಿ. ಕಿವಿ ಕೊಟ್ಟಿಲ್ಲ."

ನಡೆಯುವ ಎಂಜಿನ್ನಿನಲ್ಲೇ
ಒಂದನೇ ವೈರು ಎತ್ತಿದ, ಕುಂಟಿತು.
ಮತ್ತೆ ಸಿಕ್ಕಿಸಿ ಎರಡನೇದು. ಕುಂಟಿತು.
ಮೂರನೇದು ಎತ್ತಿದರೆ
ಏನೂ ಆಗಲಿಲ್ಲ.
"ಹೋದದ್ದೇ ಗೊತ್ತಾಗ್ಲಿಲ್ಲ ನೋಡು, ಇವನೇ ಕಳ್ಳ.
ಕತ್ತಲಾಗ್ಲಿ, ತೋರಸ್ತೀನಿ."

ಏಳೂವರೆಗೆ ಕರೆಂಟು ಹೋಯಿತು.
ಗಲ್ಲಿಗೆ ಗಲ್ಲಿಯೇ ಬೈಯುವಾಗ
ಅವನೊಬ್ಬ ನಕ್ಕ: "ಈಗ ಚಾಲೂ ಮಾಡು."

ಬಾನೆಟ್ಟಿನ ಕೆಳಗೆ, ಮೂರನೇ ವೈರಿನ ಬಿರುಕಿನಿಂದ
ಜೀರಿಗೆಯಷ್ಟು ನೀಲಿ ಕಿಡಿ
ಹೋಗಬೇಕಾದಲ್ಲಿಗೆ ಹೋಗದೆ
ಪಕ್ಕದ ಕಬ್ಬಿಣಕ್ಕೆ ಜಿಗಿಯುತ್ತಿತ್ತು.
ಟಿಕ್. ಟಿಕ್.
ಮೂರೇ ಸಿಲಿಂಡರಿನ ಮೇಲೆ
ಎಷ್ಟು ಏರು ಹತ್ತಿತ್ತೋ ಇದು!
ನಾನು ಬೈದದ್ದು ಆ ಮೂರನ್ನೇ.

ಕರೆಂಟು ಬಂತು. ಕಿಡಿ ಕಾಣಲಿಲ್ಲ.
ಮಶಾಕಸಾಬ ವೈರಿಗೆ ರೊಕ್ಕ ತಗೊಂಡ,
ಕತ್ತಲಿಗೆ ತಗೊಳ್ಳಲಿಲ್ಲ.