ಹನ್ನೊಂದು ಗ್ರಾಂ

ಮೊದಲು ಅಳೆದದ್ದು ಹೊಲಿಗೆದಾರದಿಂದ.
ಎಂಟು ಹನ್ನೆರಡರ ಲೋಕಲ್, ಹೆಂಗಸರ ಡಬ್ಬಿ,
ಎರಡು ಮೊಣಕೈಗಳ ಸಂದಿಯಲ್ಲಿ ಕೈ ತೂರಿಸಿ
ತಲೆಮೇಲಿನ ಸರಳಿಗೆ ದಾರ ಸುತ್ತಿ ಗಂಟು ಹಾಕುವಾಗ
ಯಾರೋ ಕೇಳಿದರು, ಯಾವ ದೇವರಿಗೆ ಹರಕೆ?

ದೇವರಿಗಲ್ಲ, ಚೀಲಕ್ಕೆ.
ನಾಲಾಸೋಪಾರದಿಂದ ದಾದರಿನವರೆಗೆ
ಹೆಗಲ ಮೇಲಿಂದ ಇಳಿಸಲು ಜಾಗವಿಲ್ಲದ ಚೀಲ,
ಒಳಗೆ ಡಬ್ಬಿ, ಛತ್ರಿ, ನಿನ್ನೆಯ ಅರ್ಧ ಕಿಲೋ ಈರುಳ್ಳಿ.

ರಾತ್ರಿ ಬಟ್ಟೆಸೋಪಿನ ಬಿಲ್ಲೆಯಲ್ಲಿ
ಹೇರ್‌ಪಿನ್ನಿನಿಂದ ಕೊಕ್ಕೆ ಕೊರೆದೆ.
ಚೆನ್ನಾಗಿಯೇ ಬಂತು.
ಬೆಳಿಗ್ಗೆ ಗಂಡ ಅದರಿಂದಲೇ ಕಾಲರು ಉಜ್ಜಿದ.
ಸೈಕಲ್ ಕಡ್ಡಿ ಬಗ್ಗಿಸಿದ್ದು ಎರಡನೆಯದು,
ಒಬ್ಬಳ ಓಢಣಿ ಹರಿದು, ಅವಳ ಬಾಯಿಗೆ ಸಿಕ್ಕಿ,
ಭಾಯಂದರದ ಖಾಡಿಗೆ
ಯಾರದೋ ನಿರ್ಮಾಲ್ಯದ ಹೂವಿನೊಂದಿಗೆ ಎಸೆದೆ.

ವಸಯಿ ಪೂರ್ವ, ಗಾಳಾ ನಂಬರ್ ನಲವತ್ತೊಂದು.
ಗಿರ್ಧರಭಾಯಿ ಪಾಂಚಾಳ್ ಕನ್ನಡಕ ಹಣೆಗೇರಿಸಿ ಅಂದರು,
ಮಾಲು ಬೆರಳಷ್ಟು ಬೆನ್, ಅಚ್ಚು ಮಾತ್ರ ಕಬ್ಬಿಣದ ಹಂಡೆ.
ಒಂದು ಲಕ್ಷ ಎಪ್ಪತ್ತು ಸಾವಿರ.
ಭೀಶಿಯಲ್ಲಿ ನನ್ನ ಸರದಿ ಬಂದಾಗ ಅರ್ಧ,
ಇನ್ನರ್ಧಕ್ಕೆ ಬಳೆ.
ಅಕ್ಕ ಫೋನಿನಲ್ಲಿ ಕೊಕ್ಕೆ ಹಾಕಿದಳು, ಬ್ಯಾಂಕಿನವನೂ ಹಾಕಿದ.
ಹಾಕದವರು ಯಾರು?
ಕೊಕ್ಕೆ ಮಾಡಲು ಹೊರಟವಳಿಗೆ ಕೊಕ್ಕೆಯೇ ಕೊಕ್ಕೆ.

ಮೊದಲ ಹತ್ತು ನಗಗಳು
ಬಿಸಿಬಿಸಿ, ಬಾಣಂತಿಯ ಕೋಣೆಯ ಕೂಸಿನ ಹಾಗೆ.
ಹಿಟ್ಟಿನ ಪೊಟ್ಟಣ ತೂಗಿಸಿ ನೋಡಿದೆವು.
ಮೂರು ಕಿಲೋ, ತಾಳಿತು.
ನಾಲ್ಕಕ್ಕೆ ಲಟಕ್ಕೆಂದು ಮುರಿದು
ನೆಲವೆಲ್ಲ ಗೋಧಿಹಿಟ್ಟು, ಗಿರ್ಧರಭಾಯಿಯ ಮೀಸೆಯೂ.
ನೈಲಾನಿಗೆ ಗಾಜಿನ ಪುಡಿ ಬೆರೆಸಿದರು.
ಬೆನ್ನು ದಪ್ಪ ಮಾಡಿದರು, ಅರ್ಧ ಎಂಎಂ.

ಇಷ್ಟಾಗಿ ಸುಲಭಾತಾಯಿಗೆ ಅದು ತೆರೆಯಲಿಲ್ಲ.
ಪರಳದ ಆಸ್ಪತ್ರೆಯ ಆಯಾ,
ಇಪ್ಪತ್ತೊಂಬತ್ತು ವರ್ಷ ಒದ್ದೆಬಟ್ಟೆ ಹಿಂಡಿ
ಹೆಬ್ಬೆರಳು ಹೊರಗೆ ತಿರುಗಿ ಅಲ್ಲೇ ನಿಂತಿತ್ತು.
ಮಡಚಿದ ಕೊಕ್ಕೆಯ ಮೇಲೆ ಬೆರಳು ಜಾರಿ ಜಾರಿ,
ಇರಲಿ ಬಿಡೇ, ನಿಮ್ಮಂಥ ಹುಡುಗಿಯರಿಗಾಯಿತು ಇದು, ಅಂದಳು.

ಮರುದಿನ ಚಪಾತಿ ಹಿಟ್ಟಿನ ಉಂಡೆ ಒಯ್ದೆ.
ಬೋರಿವಲಿ ದಾಟುವಾಗ ಅವಳ ಹೆಬ್ಬೆರಳನ್ನು ಒತ್ತಿಸಿಕೊಂಡೆ.
ಆ ತಗ್ಗನ್ನು ಡಬ್ಬಿಯಲ್ಲಿಟ್ಟು
ಕೂಸನ್ನು ಎತ್ತಿಕೊಂಡವಳಂತೆ ವಸಯಿಗೆ ಓಡಿದೆ.
ಅಚ್ಚಿಗೆ ಮತ್ತೆ ಹನ್ನೆರಡು ಸಾವಿರದ ಗಾಯ.
ಈಗ ತೂಕ ಹನ್ನೊಂದು ಗ್ರಾಂ. ಮಡಚಿದರೆ ಅಂಗೈಯಲ್ಲಿ.

ಮಸ್ಜಿದ್ ಬಂದರಿನ ಸಗಟು ವ್ಯಾಪಾರಿ
ತಿರುಗಿಸಿ ನೋಡಿ, ಹಲ್ಲಿನಿಂದ ಕಚ್ಚಿಯೂ ನೋಡಿ, ಕೇಳಿದ,
ಇದರಲ್ಲಿ ಗುಲಾಬಿ ಬಣ್ಣ ಇಲ್ಲವಾ?
ಗುಲಾಬಿ ಮಾಡಿಸಿದೆ. ಕಾರ್ಡು ಅಚ್ಚು ಹಾಕಿಸಿದೆ.
ಇಪ್ಪತ್ತೈದು ರೂಪಾಯಿ, ಎಲ್ಲಾ ತೆರಿಗೆ ಸೇರಿ.
ಆರು ತಿಂಗಳು ಮಾರಿತು.
ಬಳೆ ಒಂದು ಬಿಡಿಸಿಕೊಂಡೆ. ಇನ್ನೊಂದು ಅಲ್ಲೇ ಇದೆ.

ಏಳನೆಯ ತಿಂಗಳು, ಅದೇ ಗಾಡಿಯಲ್ಲಿ,
ಕಿವಿಯೋಲೆ ಮಾರುವ ಸಾಯರಾಳ ಪ್ಲಾಸ್ಟಿಕ್ ಹಾಳೆಯ ಮೇಲೆ
ನನ್ನ ಕೊಕ್ಕೆ ತೂಗುತ್ತಿತ್ತು. ನನ್ನದಲ್ಲದ ಹಸಿರು.
ಹತ್ತಕ್ಕೊಂದು, ಹತ್ತಕ್ಕೊಂದು.
ಅಂಚು ಒರಟು, ಅಚ್ಚಿನ ಗೆರೆ ಸೀಳುತುಟಿಯ ಹಾಗೆ,
ಗಾಜು ಹಾಕಿಲ್ಲ, ಎರಡು ಕಿಲೋಗೆ ಕೈಬಿಡುತ್ತದೆ.
ಆದರೆ ತಗ್ಗು ಇತ್ತು.
ಸುಲಭಾತಾಯಿಯ ಬೆರಳು ತಿರುಗಿದಷ್ಟೇ ತಿರುಗಿ,
ಎಡಕ್ಕೆ ಒಂದಿಷ್ಟು ಆಳವಾಗಿ.

ಇದು ಯಾಕೆ ಇಲ್ಲಿ? ಎಂದು ತೋರಿಸಿ ಕೇಳಿದೆ.
ಸಾಯರಾ ನೋಡಿದಳು, ಮೊದಲ ಸಲ ನೋಡಿದವಳ ಹಾಗೆ.
ಅದಾ? ಅದು ಡಿಸೈನ್, ಅಕ್ಕಾ.

ಚೌಕಾಸಿ ಮಾಡದೆ ಹತ್ತು ರೂಪಾಯಿ ಕೊಟ್ಟೆ.
ಸುಲಭಾತಾಯಿ ನಿವೃತ್ತಳಾಗಿ ಮೂರು ತಿಂಗಳಾಯಿತು,
ಈ ಗಾಡಿಗೆ ಈಗ ಬರುವುದಿಲ್ಲ.
ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು,
ಕಿವಿಯಲ್ಲಿ ಹಾಡು, ಕಣ್ಣು ಫೋನಿನ ಮೇಲೆ,
ತಾನೂ ಒಂದು ಹಸಿರು ಕೊಕ್ಕೆ ತೆಗೆದು
ನೋಡದೆಯೇ ತೆರೆದಳು.
ಬೆರಳು ತಾನಾಗಿಯೇ ಹೋಗಿ ತಗ್ಗಿನಲ್ಲಿ ಕೂತಿತು.