ಹಲ್ಲು ನೋಡಿ ಹೇಳುವ ವಯಸ್ಸು

ಕುರಿ ಕೊಳ್ಳುವಾಗ ಅತ್ತೆಗೆ ಮಾತು ಬೇಡ.
ಎಡಗೈ ಹೆಬ್ಬೆರಳಿಂದ ಕೆಳದುಟಿ ಮಡಿಸಿ
ಒಂದೇ ನೋಟ:
ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು,
ಬಾಯಿಗೂಡಿದ್ದು.
ಮಾರುವವನು ಆಮೇಲೆ ಏನೇ ಹೇಳಲಿ,
ಅವಳು ಕೈ ಒರೆಸಿಕೊಳ್ಳುತ್ತಿರುತ್ತಾಳೆ.

ಮೊನ್ನೆ ಸಂಜೆ ಅದೇ ಹೆಬ್ಬೆರಳು
ನನ್ನ ಮಗಳ ಮೇಲ್ದುಟಿ ಎತ್ತಿತು.
ಉಂದ್ರಾಮ್‌ಗೆ ಬರುವ ತಿಂಗಳಿಗೆ ಹನ್ನೊಂದು.
ಅತ್ತೆ ದೀಪವನ್ನು ಹತ್ತಿರ ತರಿಸಿದಳು,
ಇನ್ನೊಮ್ಮೆ ನೋಡಿದಳು.
"ಈ ಹಲ್ಲಿಗೆ ನಿನಗಿಂತ ಹೆಚ್ಚು ವಯಸ್ಸಾಗಿದೆ"
ಎಂದಳು, ನನಗೆ.

ಅಂಚು ತೆಳ್ಳಗಿತ್ತು,
ಸರೋವರದ ದಡದಲ್ಲಿ ಮೊದಲ ರಾತ್ರಿ ಕಟ್ಟುವ
ಮಂಜಿನ ಹಾಳೆಯಂತೆ. ಬೆಳಕು ತೂರಿ ಹೋಗುತ್ತಿತ್ತು.
ನಡುವೆ ಒಳಗಿನ ಹಳದಿ.
ಅದನ್ನು ಹಣ್ಣಿನ ಕರೆಯೆಂದುಕೊಂಡು
ಒತ್ತಿ ಉಜ್ಜು, ಇನ್ನೂ ಒತ್ತು, ಎಂದಿದ್ದೆ ಎಷ್ಟು ಸಲ.

ಉಲಾಂಗೋಮ್‌ನಲ್ಲಿ ಚಾತ್ಸರ್ಗಾನ ಬರೀ ಹಣ್ಣಲ್ಲ.
ನವೆಂಬರಿನ ಬೆಳಗ್ಗೆ, ರೆಪ್ಪೆಗೆ ರೆಪ್ಪೆ ಅಂಟುವ ಚಳಿಯಲ್ಲಿ
ಮುಳ್ಳುಗಿಡದ ಬುಡಕ್ಕೆ ಬಟ್ಟೆ ಹಾಸಿ
ಕೋಲಿಂದ ಬಡಿಯುತ್ತೇವೆ.
ಕಲ್ಲಾದ ಹಳದಿ ಮಣಿಗಳು ಟಪಟಪ ಉದುರುತ್ತವೆ.
ಸುಟ್ಟ ಗಾಯಕ್ಕೆ ಅದರ ಎಣ್ಣೆ, ಕೆಮ್ಮಿಗೆ ಅದರ ರಸ,
ಬಾಡಿಗೆಗೂ ಅದೇ, ಮಗಳ ಬೂಟಿಗೂ ಅದೇ.
ಲೇಬಲ್ಲು ಓರೆಯಾದ ಬಾಟಲಿಗಳನ್ನು
ಮಾಲೀಕ ನಮಗೆ ಬಿಟ್ಟುಕೊಡುತ್ತಾನೆ.
ದಿನಕ್ಕೊಂದು ಅವಳ ಚೀಲ ಸೇರಿತು:
ಲೆಕ್ಕದ ಪಾಠಕ್ಕೆ ಒಂದು ಗುಟುಕು,
ಉತ್ತರ ಹೊಳೆಯದಿದ್ದರೆ ಮೂರು,
ದಾರಿಯುದ್ದಕ್ಕೂ ಇನ್ನಷ್ಟು,
ಅದೂ ಕೆನ್ನೆಯೊಳಗೆ ಇಟ್ಟುಕೊಂಡು, ಬೆಚ್ಚಗಾದ ಮೇಲೆ ನುಂಗುವುದು.
ಸೋಡಾ ಕೊಡಿಸದ ತಾಯಿ ನಾನೆಂದು
ಪಕ್ಕದ ಮನೆಯವಳೆದುರು ಬೀಗಿದ್ದೂ ಉಂಟು.

ಡಾಕ್ಟರು ಪುರೆವ್‌ಸುರೆನ್ ಹಣ್ಣನ್ನು ಬಯ್ಯಲಿಲ್ಲ.
ಅವರ ಮೇಜಿನ ಮೇಲೂ ನಮ್ಮದೇ ಬಾಟಲಿ.
"ಊಟದ ಜೊತೆ ಒಂದು ಲೋಟ, ಕುಡಿದು ಮುಗಿಸಿಬಿಡು.
ಹಲ್ಲನ್ನು ದಿನವಿಡೀ ಹುಳಿಯಲ್ಲಿ ನೆನೆಹಾಕಬೇಡ.
ನೀರು ಮುಕ್ಕಳಿಸು.
ಎಂಜಲೂ ರಿಪೇರಿ ಮಾಡುತ್ತದೆ, ಅದಕ್ಕೆ ಹೊತ್ತು ಬೇಕು."
"ಹೋದದ್ದು ಮತ್ತೆ ಬೆಳೆಯುತ್ತಾ, ಉಣ್ಣೆ ಥರ?"
"ಇಲ್ಲ" ಎಂದರು, ಮಗುವಿಗೆ ಸುಳ್ಳು ಹೇಳದೆ.
"ಕುಡಿದು ಎಷ್ಟು ಹೊತ್ತಿಗೆ ಉಜ್ಜುತ್ತೀಯ?"
ಉಂದ್ರಾಮ್ ನೆಟ್ಟಗೆ ಕೂತಳು.
"ತಕ್ಷಣ! ಅಮ್ಮ ಹಾಗೇ ಕಲಿಸಿದ್ದಾಳೆ."
ಡಾಕ್ಟರು ನನ್ನ ಕಡೆ ನೋಡಲಿಲ್ಲ.
ಅಷ್ಟು ಉಪಕಾರ ಮಾಡಿದರು.

ಮನೆಯಲ್ಲಿ ಅತ್ತೆಗೆ ಹೇಗೆ ಹೇಳಲಿ ಎಂದು
ಗೋಧಿಹಿಟ್ಟು ನಾದುತ್ತಾ ನಿಂತಿದ್ದೆ.
ಅವಳೇ ಕೇಳಿದಳು:
"ತೊಗಲನ್ನು ಹುಳಿಮೊಸರಲ್ಲಿ ಯಾಕೆ ನೆನೆಸುತ್ತೇವೆ?"
ಮೆತ್ತಗಾಗಲಿ ಅಂತ.
"ಮೆತ್ತಗಾದ ಮೇಲೆ?"

ಗೋಡೆಯ ಮೊಳೆಯಲ್ಲಿ ಹೆರೆಯುವ ಕತ್ತಿ ತೂಗುತ್ತಿತ್ತು.
ಅದರ ಕೆಳಗೆ, ತಗಡಿನ ಲೋಟದಲ್ಲಿ,
ಮಗಳ ಗುಲಾಬಿ ಬ್ರಷ್ಷು. ಎಳೆಗಳೆಲ್ಲ
ಎರಡೂ ಕಡೆಗೆ ಬಾಗಿದ್ದವು,
ಅಷ್ಟು ಶ್ರದ್ಧೆಯಿಂದ ಉಜ್ಜಿದ್ದಳು.

ರಾತ್ರಿ ಊಟಕ್ಕೆ ಒಂದೇ ಲೋಟ.
ನೀರು ಮುಕ್ಕಳಿಸಿ, ಬ್ರಷ್ಷು ಹಿಡಿದು
ಉಂದ್ರಾಮ್ ಗಡಿಯಾರದ ಎದುರು ಕೂತಳು,
ಒಂದು ಗಂಟೆಯಾಗಲೆಂದು. ಅರ್ಧಕ್ಕೇ ತೂಕಡಿಸಿದಳು.
ಎಬ್ಬಿಸಲೋ ಬೇಡವೋ
ತಿಳಿಯದೆ ನಾನು ತಟ್ಟೆ ತೊಳೆಯುತ್ತಿದ್ದೆ.

"ಬಾಟಲಿಯಲ್ಲಿ ಉಳಿದದ್ದು ಇತ್ತ ತಾ" ಎಂದಳು ಅತ್ತೆ.
"ಹಲ್ಲಿಲ್ಲದ ಬಾಯಿಗೆ ಹುಳಿ ಏನು ಮಾಡೀತು!"
ಒಂದು ಗುಟುಕು ತೆಗೆದುಕೊಂಡಳು,
ಕೆನ್ನೆಯೊಳಗೆ ಇಟ್ಟುಕೊಂಡು,
ಕಣ್ಣು ಮುಚ್ಚಿ,
ಬೆಚ್ಚಗಾದ ಮೇಲೆ ನುಂಗಿದಳು.